ಮೊದಲು ಬಿಯರ್ ಉತ್ಸವ, ಆಮೇಲೆ ಡ್ಯಾನ್ಯೂಬ್ ಹಡಗು: ಎರಡನ್ನೂ ಒಂದೇ ಪ್ರವಾಸದಲ್ಲಿ ಹೊಂದಿಸುವ ಬಗೆ

ಜರ್ಮನಿಯ ಮ್ಯೂನಿಕ್ ನಗರ ಡ್ಯಾನ್ಯೂಬ್ ನದಿಯ ದಂಡೆಯ ಮೇಲಿಲ್ಲ. ಅಲ್ಲಿ ಹರಿಯುವುದು ಡ್ಯಾನ್ಯೂಬ್‌ನ ಉಪನದಿಯಾದ ಇಸಾರ್. ಅದರಲ್ಲಿ ಪ್ರವಾಸಿ ಹಡಗುಗಳು ಬರುವುದಿಲ್ಲ. ನದಿಯಾನದ ಜಾಹೀರಾತಿನಲ್ಲಿ ಮ್ಯೂನಿಕ್‌ನ ಬಿಯರ್ ಉತ್ಸವವಾದ ‘ಅಕ್ಟೋಬರ್‌ಫೆಸ್ಟ್’ನ ಹೆಸರು ಕಂಡೊಡನೆ, ಹಡಗಿನಿಂದಿಳಿದು ನಾಲ್ಕು ಹೆಜ್ಜೆ ಇಟ್ಟರೆ ಉತ್ಸವದ ಮೈದಾನ ಸಿಗುತ್ತದೆಂದು ಭಾವಿಸುವವರು ಇದನ್ನು ಮೊದಲೇ ತಿಳಿದಿರಬೇಕು. ಹಡಗು ನಿಲ್ಲುವುದು ಪಸ್ಸೌ, ರೇಗನ್ಸ್‌ಬುರ್ಗ್ ಅಥವಾ ಕಾಲುವೆಯ ಮೇಲಿರುವ ನ್ಯೂರೆಂಬರ್ಗ್ ನಗರದಲ್ಲಿ. ಪಸ್ಸೌನಿಂದ ಮ್ಯೂನಿಕ್‌ಗೆ ರೈಲಿನಲ್ಲಿಯೇ ಎರಡು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಬೆಳಿಗ್ಗೆ ಹೊರಟು, ಮಧ್ಯಾಹ್ನ ಉತ್ಸವದ ಬಿಯರ್ ಡೇರೆಯೊಳಗೆ ಜಾಗ ಹುಡುಕಿ, ಹಡಗು ಬಿಡುವ ಹೊತ್ತಿಗೆ ಓಡಿ ಬರುವ ಒಂದು ದಿನದ ಅಡ್ಡಪ್ರವಾಸವನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. ಉತ್ಸವಕ್ಕೆ ಮ್ಯೂನಿಕ್‌ನಲ್ಲೇ ಮೂರು ರಾತ್ರಿ ತಂಗಿ, ಆಮೇಲೆ ಪಸ್ಸೌನಲ್ಲಿ ಹಡಗು ಹತ್ತಿ ವಿಯೆನ್ನಾ ಮಾರ್ಗವಾಗಿ ಬುಡಾಪೆಸ್ಟ್‌ಗೆ ಹೋಗುವುದೇ ಸರಿಯಾದ ಕ್ರಮ.

ಈ ಕ್ರಮವನ್ನು ತಿರುವುಮುರುವು ಮಾಡಬಾರದೆನ್ನಲು ಮುಖ್ಯ ಕಾರಣ ನೀರು. ಬೇಸಿಗೆಯ ಕೊನೆಯಿಂದ ಶರತ್ಕಾಲದವರೆಗೆ ಡ್ಯಾನ್ಯೂಬ್‌ನಲ್ಲಿ ನೀರು ಇಳಿಯುವುದು ಸಾಮಾನ್ಯ. ಉತ್ಸವ ನಡೆಯುವುದೂ ಅದೇ ಕಾಲದಲ್ಲಿ. ಪಸ್ಸೌನಿಂದ ಮೇಲಕ್ಕೆ, ಸ್ಟ್ರೌಬಿಂಗ್ ಮತ್ತು ವಿಲ್ಸ್‌ಹೋಫನ್ ಊರುಗಳ ನಡುವೆ ಸುಮಾರು 70 ಕಿಲೋಮೀಟರ್ ಉದ್ದಕ್ಕೆ ನದಿಗೆ ಅಡ್ಡಕಟ್ಟೆಗಳಿಲ್ಲ, ಅದು ತನ್ನ ಪಾಡಿಗೆ ಹರಿಯುತ್ತದೆ. ನೀರು ಕಡಿಮೆಯಾದಾಗ ಹಡಗುಗಳು ಮೊದಲು ಸಿಕ್ಕಿಬೀಳುವ ಜಾಗಗಳಲ್ಲಿ ಇದೂ ಒಂದು. ಆಗ ಸಂಸ್ಥೆಯವರು ಪ್ರಯಾಣಿಕರನ್ನು ಬಸ್ಸಿಗೆ ಹತ್ತಿಸಿ ಮುಂದಿನ ಊರಿಗೆ ಸಾಗಿಸುತ್ತಾರೆ. ಬುಡಾಪೆಸ್ಟ್‌ನಿಂದ ನ್ಯೂರೆಂಬರ್ಗ್‌ಗೆ ಬರುವ ಹಡಗನ್ನು ಆರಿಸಿಕೊಂಡು, ಅದು ತಲುಪಿದ ಮರುದಿನವೇ ಡೇರೆಯಲ್ಲಿ ಮೇಜು ಕಾದಿರಿಸಿದವರು ಇಂಥ ಸಂದರ್ಭದಲ್ಲಿ ಎರಡು ಕಡೆಯಿಂದಲೂ ಕಂಗಾಲಾಗುತ್ತಾರೆ. ಪಸ್ಸೌನಿಂದ ಕೆಳಕ್ಕೆ ಹೊರಟರೆ ಆ ತೊಡಕಿನ ಭಾಗ ಹಿಂದೆಯೇ ಉಳಿಯುತ್ತದೆ. ಕೆಳಗೂ ಕೆಲವು ಇಕ್ಕಟ್ಟಿನ ಜಾಗಗಳಿವೆಯಾದರೂ ಅಲ್ಲಿ ವಿಳಂಬವಾದರೆ ಉತ್ಸವವೇನೂ ತಪ್ಪಿಹೋಗುವುದಿಲ್ಲ.

ದಿನಾಂಕದ ಲೆಕ್ಕ ಸುಲಭ. 1810ರ ಅಕ್ಟೋಬರ್‌ನಲ್ಲಿ ಬವೇರಿಯಾದ ಯುವರಾಜ ಲುಡ್ವಿಗ್ ಮತ್ತು ಥೆರೇಸಾ ಅವರ ಮದುವೆಯ ಸಂಭ್ರಮವಾಗಿ ಆರಂಭವಾದ ಈ ಉತ್ಸವ ಹೆಸರಿಗಷ್ಟೇ ಅಕ್ಟೋಬರಿನದು. ಸೆಪ್ಟೆಂಬರ್ 15ರ ನಂತರದ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ನಗರದ ಮೇಯರ್ ಮೊದಲ ಪೀಪಾಯಿಗೆ ನಲ್ಲಿ ಬಡಿಯುವುದರೊಂದಿಗೆ ಅದು ಶುರುವಾಗಿ, ಸಾಮಾನ್ಯವಾಗಿ ಅಕ್ಟೋಬರ್‌ನ ಮೊದಲ ಭಾನುವಾರ ಮುಗಿಯುತ್ತದೆ. 2026ರಲ್ಲಿ ಅದು ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4ರವರೆಗೆ. ಶನಿವಾರ, ಭಾನುವಾರಗಳನ್ನೂ ಸಾರ್ವತ್ರಿಕ ರಜೆಯಾದ ಅಕ್ಟೋಬರ್ 3ನ್ನೂ ಬಿಟ್ಟುಬಿಡಿ. ಭಾನುವಾರ ಸಂಜೆ ಮ್ಯೂನಿಕ್ ತಲುಪಿ, ಸೋಮವಾರ ಊರು ನೋಡಿ, ಮಂಗಳವಾರ ಬೆಳಿಗ್ಗೆ ಮೈದಾನಕ್ಕೆ ಹೋಗುವುದು ನನ್ನ ಮಟ್ಟಿಗೆ ಅತ್ಯುತ್ತಮ ಏರ್ಪಾಡು; ಮಂಗಳವಾರ ಕುಟುಂಬಗಳ ದಿನವಾದ್ದರಿಂದ ತೊಟ್ಟಿಲು, ರಾಟವಾಳಗಳ ದರವೂ ಕಡಿಮೆ.

ಉತ್ಸವ ನಡೆಯುವ ಥೆರೇಸಿಯನ್‌ವೀಸೆ ಮೈದಾನಕ್ಕೆ ಪ್ರವೇಶ ಶುಲ್ಕವಿಲ್ಲ. ಡೇರೆ ಎಂದು ಕರೆದರೂ ಅವು ಸಾವಿರಾರು ಜನ ಒಮ್ಮೆಗೇ ಕೂರುವ ದೊಡ್ಡ ಸಭಾಂಗಣಗಳು. ಮೇಜು ಕಾದಿರಿಸುವುದಕ್ಕೆ ಪ್ರತ್ಯೇಕ ಶುಲ್ಕವಿಲ್ಲವಾದರೂ ಸಾಮಾನ್ಯವಾಗಿ ಹತ್ತು ಜನರ ಇಡೀ ಮೇಜನ್ನೇ ತೆಗೆದುಕೊಂಡು, ಊಟ ಮತ್ತು ಬಿಯರಿನ ಚೀಟಿಗಳನ್ನು ಮುಂಗಡವಾಗಿ ಕೊಳ್ಳಬೇಕಾಗುತ್ತದೆ. ಇಬ್ಬರು ಮೂವರಿದ್ದವರಿಗೆ ಇದು ಹೊಂದುವುದಿಲ್ಲ. ಮಧ್ಯವರ್ತಿಗಳು ಮಾರುವ ದುಬಾರಿ ಜಾಗಗಳ ತಂಟೆಗಂತೂ ಹೋಗಲೇಬೇಡಿ. ವಾರದ ದಿನ ಹನ್ನೆರಡು ಗಂಟೆಯೊಳಗೆ ಹೋದರೆ ಕಾದಿರಿಸದ ಮೇಜುಗಳಲ್ಲಿ ಜಾಗ ಸಿಗುತ್ತದೆ. ಕುಳಿತವರಿಗೆ ಮಾತ್ರ ಬಿಯರ್ ಕೊಡುವ ಪದ್ಧತಿ ಇರುವುದರಿಂದ ನಿಂತು ಕೂಗಿದರೆ ಪ್ರಯೋಜನವಿಲ್ಲ. ಮ್ಯೂನಿಕ್‌ನ ಆರು ಬ್ರೂವರಿಗಳ ಬಿಯರ್ ಮಾತ್ರ ಇಲ್ಲಿ ಮಾರಾಟವಾಗುತ್ತದೆ. ‘ಮಾಸ್’ ಎಂಬ ಒಂದು ಲೀಟರಿನ ಗಾಜಿನ ಮಗ್ಗಿಗೆ 2025ರಲ್ಲಿ 14.50ರಿಂದ 15.80 ಯೂರೋ ಇತ್ತು. ಉತ್ಸವಕ್ಕೆಂದೇ ತಯಾರಾಗುವ ಈ ಬಿಯರಿನಲ್ಲಿ ಮದ್ಯಸಾರ ಸುಮಾರು ಶೇ 6ರಷ್ಟಿದ್ದು, ಕುಡಿಯುವಾಗ ಹಗುರವೆನಿಸಿದರೂ ಏಳುವಾಗ ತೂಕ ತಿಳಿಯುತ್ತದೆ. ಕುಡಿಯದವರಿಗೆ ಮದ್ಯಸಾರವಿಲ್ಲದ ಬಿಯರೂ ಹಣ್ಣಿನ ರಸವೂ ಇವೆ. ಮಾಂಸ ತಿನ್ನದವರು ಉಪವಾಸ ಬೀಳಬೇಕಾಗಿಲ್ಲ: ಚೀಸ್ ಬೆರೆಸಿದ ನೂಡಲ್ಸ್‌ನಂಥ ‘ಕೇಸ್‌ಷ್ಪೆಟ್ಸ್‌ಲೆ’, ಆಲೂಗಡ್ಡೆಯ ದೋಸೆಯಂಥ ‘ರೈಬರ್‌ಡಾಚಿ’, ಅಂಗೈಗಿಂತ ಅಗಲವಾದ ಬ್ರೆಜೆಲ್ ಎಂಬ ಸುರುಳಿ ಬ್ರೆಡ್ ಹೊಟ್ಟೆ ತುಂಬಿಸುತ್ತವೆ. ಮೂರು ಲೀಟರಿಗಿಂತ ದೊಡ್ಡ ಚೀಲವನ್ನು ಬಾಗಿಲಲ್ಲೇ ತಡೆಯುತ್ತಾರೆ. ಆದ್ದರಿಂದ ಸೂಟ್‌ಕೇಸ್ ಎಳೆದುಕೊಂಡು ನೇರವಾಗಿ ರೈಲು ನಿಲ್ದಾಣದಿಂದ ಬರುವ ಯೋಚನೆ ಬೇಡ. ನೆನಪಿಗೆಂದು ಮಗ್ ಬೇಕಿದ್ದರೆ ಕೊಂಡುಕೊಳ್ಳಿ, ಕದ್ದೊಯ್ಯುವುದು ಅಪರಾಧ.

ಪಸ್ಸೌಗೆ ಹೋಗಲು ‘ಬಯರ್ನ್ ಟಿಕೆಟ್’ ಅನುಕೂಲಕರ. ಐದು ಜನರವರೆಗೆ ಒಟ್ಟಾಗಿ ಪಡೆಯಬಹುದಾದ ಈ ದಿನದ ಟಿಕೆಟ್ ಪ್ರಾದೇಶಿಕ ರೈಲುಗಳಲ್ಲಷ್ಟೇ ನಡೆಯುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ನಂತರ ಮಾತ್ರ. ಹಡಗಿನವರು ಮಧ್ಯಾಹ್ನದ ಮೇಲೆ ಹತ್ತಿಸಿಕೊಳ್ಳುತ್ತಾರಾದರೂ ಹಿಂದಿನ ದಿನವೇ ಹೋಗಿ ಒಂದು ರಾತ್ರಿ ಪಸ್ಸೌನಲ್ಲಿ ಉಳಿಯುವುದು ಜಾಣತನ. ಕಪ್ಪಾದ ಇಲ್ಸ್, ಹಸಿರು ಛಾಯೆಯ ಇನ್ ಮತ್ತು ಡ್ಯಾನ್ಯೂಬ್ ಮೂರೂ ಕೂಡುವ ಆ ಸಂಗಮದಲ್ಲಿ ನೀರಿನ ಬಣ್ಣಗಳು ಸ್ವಲ್ಪ ದೂರದವರೆಗೆ ಬೇರೆಬೇರೆಯಾಗಿಯೇ ಕಾಣುತ್ತವೆ. ಮುಂದೆ ಆಸ್ಟ್ರಿಯಾದ ಮೆಲ್ಕ್ ಮತ್ತು ಕ್ರೆಮ್ಸ್ ನಡುವಿನ ವಾಖೌ ಕಣಿವೆಯಲ್ಲಿ ಅದು ದ್ರಾಕ್ಷಿ ಕೊಯ್ಲಿನ ಕಾಲ. ಇನ್ನೂ ಹುದುಗುತ್ತಿರುವ ‘ಷ್ಟುರ್ಮ್’ ಎಂಬ ಹೊಸ ವೈನ್ ವರ್ಷದ ಆ ಕೆಲವು ವಾರಗಳಲ್ಲಷ್ಟೇ ಸಿಗುತ್ತದೆ. ಬಿಯರಿನ ನಾಡಿನಿಂದ ವೈನಿನ ನಾಡಿಗೆ ದಾಟಿದ್ದು ಆಗ ನಾಲಿಗೆಗೇ ಗೊತ್ತಾಗುತ್ತದೆ.

ವೀಸಾದ ಮಾತು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾವನ್ನು ಹೆಚ್ಚು ದಿನ ತಂಗುವ ದೇಶದಿಂದ ಪಡೆಯಬೇಕು. ದಿನಗಳು ಸಮನಾದರೆ ಮೊದಲು ಕಾಲಿಡುವ ದೇಶದಿಂದ. ಮ್ಯೂನಿಕ್‌ನ ಮೂರು ಮತ್ತು ಪಸ್ಸೌನ ಒಂದು ರಾತ್ರಿ ಸೇರಿದರೆ ಜರ್ಮನಿಯ ಲೆಕ್ಕ ಸಾಮಾನ್ಯವಾಗಿ ಆಸ್ಟ್ರಿಯಾಕ್ಕೆ ಸಮನಾಗಿಯಾದರೂ ನಿಲ್ಲುತ್ತದೆ. ಮೊದಲು ಇಳಿಯುವುದೂ ಅಲ್ಲೇ ಆದ್ದರಿಂದ ಅರ್ಜಿಯನ್ನು ಜರ್ಮನಿಗೆ ಹಾಕಬಹುದು. ಆದರೂ ಹಡಗು ಯಾವ ರಾತ್ರಿ ಯಾವ ದೇಶದಲ್ಲಿರುತ್ತದೆಂಬ ಪಟ್ಟಿಯನ್ನು ಸಂಸ್ಥೆಯಿಂದ ಬರಹದಲ್ಲಿ ಪಡೆದು ಎಣಿಸಿ ನೋಡಿ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಹಡಗು ಬುಡಾಪೆಸ್ಟ್‌ನಲ್ಲಿ ನಿಲ್ಲದೆ ಬೆಲ್‌ಗ್ರೇಡ್‌ವರೆಗೆ ಹೋಗುವುದಾದರೆ ಎಚ್ಚರ ಬೇಕು: ಸರ್ಬಿಯಾ ಷೆಂಗೆನ್ ವಲಯದಲ್ಲಿಲ್ಲ, ಅಲ್ಲಿಂದ ಮರಳಿ ವಲಯದೊಳಗೆ ಬರಲು ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅವಕಾಶವಿರುವ ವೀಸಾ ಇರಬೇಕು.

ಸೆಪ್ಟೆಂಬರ್‌ನಲ್ಲಿ ರಜೆ ಸಿಗದವರಿಗೆ, ಅಥವಾ ಮ್ಯೂನಿಕ್‌ನ ಹೋಟೆಲ್ ಬಾಡಿಗೆ ನೋಡಿ ಹಿಂಜರಿದವರಿಗೆ ಸ್ಟ್ರೌಬಿಂಗ್ ಇದೆ. 1812ರಲ್ಲಿ ಆರಂಭವಾದ ಅಲ್ಲಿನ ಗೊಯ್‌ಬೋಡನ್ ಉತ್ಸವ ಆಗಸ್ಟ್‌ನಲ್ಲಿ ಹನ್ನೊಂದು ದಿನ ನಡೆಯುತ್ತದೆ. ಊರು ಡ್ಯಾನ್ಯೂಬ್ ದಂಡೆಯ ಮೇಲೆಯೇ ಇದ್ದು, ಪಸ್ಸೌಗೆ ಅಲ್ಲಿಂದ ದೂರವೂ ಕಡಿಮೆ.