ಲೇಟಾಗಿ ಬಂದ ಹುಡುಗನ್ನ ನಾನು ರೌಂಡ್ ಹೊಡೆಸಲ್ಲ

ನಮ್ಮಪ್ಪ ಅಮ್ಮ ಪಿರಿಯಾಪಟ್ಟಣ ಕಡೆಯಿಂದ ಕೊಡಗಿಗೆ ಕೂಲಿಗೆ ಬಂದವರು, ಸುಂಟಿಕೊಪ್ಪ ಹತ್ರ ಒಂದು ಕಾಫಿ ತೋಟದಲ್ಲಿ ಕೂಲಿಯವರಿಗೆ ಸಾಲಾಗಿ ಕಟ್ಟಿದ ಲೈನ್ ಮನೇಲಿ ನಾನು ಬೆಳೆದಿದ್ದು. ಕೊಡಗು ಅಂದ್ರೆ ಎಲ್ರೂ ಹಾಕಿ ಅಂತಾರೆ, ಆದ್ರೆ ಸುಂಟಿಕೊಪ್ಪದಲ್ಲಿ ಫುಟ್ಬಾಲ್ ಹುಚ್ಚು. ಗೋಲ್ಡ್ ಕಪ್ ಟೂರ್ನಿ ಶುರುವಾಯ್ತು ಅಂದ್ರೆ ನಾವು ಲೈನ್ ಮನೆ ಹುಡುಗ್ರು ಗೋಲ್ ಪೋಸ್ಟ್ ಹಿಂದೆ ಕೂತು, ಹೊರಗ್ ಬಂದ ಬಾಲ್ ಎತ್ತಿಕೊಡೋಕೆ ಕಿತ್ತಾಡ್ತಿದ್ವಿ.

ಅಪ್ಪ ಕುಡೀತಿದ್ರು. ಬಟವಾಡೆ ದಿನ ಸಂಜೆ ಸಾರಾಯಿ ಅಂಗಡಿಯಿಂದ ಅವರನ್ನ ಮನೆಗೆ ಕರ್ಕೊಂಡು ಬರೋದು ನನ್ನ ಕೆಲಸ. 2007ರಲ್ಲಿ ಸಾರಾಯಿ ಬಂದ್ ಆದಾಗ ಅಮ್ಮ ದೀಪ ಹಚ್ಚಿದ್ರು, ಅಪ್ಪ ಬ್ರಾಂದಿಗೆ ಹೋದ್ರು, ದುಡ್ಡು ಇನ್ನೂ ಜಾಸ್ತಿ ಹೋಯ್ತು. ಕೊಯ್ಲಿನ ಟೈಮಲ್ಲಿ ಬೆಳಿಗ್ಗೆ ನೆಲಕ್ಕೆ ಉದುರಿದ ಕಾಫಿ ಹಣ್ಣು ಆರಿಸಿ ಆಮೇಲೆ ಸ್ಕೂಲಿಗೆ ಓಡ್ಬೇಕು, ಹಂಗಾಗಿ ಪ್ರಾಕ್ಟೀಸಿಗೆ ಯಾವಾಗ್ಲೂ ಲೇಟ್, ಲೇಟ್ ಅಂದ್ರೆ ಗ್ರೌಂಡ್ ಸುತ್ತ 10 ರೌಂಡ್ ಓಟ. ಖಾಲಿ ಹೊಟ್ಟೇಲಿ ಓಡಿ ಗ್ರೌಂಡ್ ಮೂಲೇಲಿ ಹಳದಿ ನೀರು ಕಕ್ಕಿದ್ದೀನಿ. ಯಾಕೆ ಲೇಟು ಅಂತ ಯಾರೂ ಕೇಳಿಲ್ಲ, ಎಲ್ರೆದುರು ಕೇಳಿದ್ರೂ ನಾನು ಹೇಳ್ತಿರ್ಲಿಲ್ಲ.

ಸ್ಪೋರ್ಟ್ಸ್ ಕೋಟಾದಲ್ಲಿ ಮಂಗಳೂರಿಗೆ ಬಂದೆ, ಹಾಸ್ಟೆಲಲ್ಲಿ ಮೂರು ಹೊತ್ತು ಊಟ ಸಿಕ್ತು, ದೈಹಿಕ ಶಿಕ್ಷಣದ ಬಿ.ಪಿ.ಎಡ್ ಮುಗಿಸಿ ಒಂದು ಕಾಲೇಜ್ ಟೀಮ್ ಕೈಗೆ ಬಂತು. ಮೊದಲ ವರ್ಷವೇ ನಾನೂ ಅದನ್ನೇ ಮಾಡ್ದೆ. ಲೆಫ್ಟ್ ಬ್ಯಾಕ್, ಅಂದ್ರೆ ಎಡಗಡೆ ಡಿಫೆನ್ಸಲ್ಲಿ ಆಡೋ ಹುಡುಗ ಒಬ್ಬ ದಿನಾ ಬೆಳಿಗ್ಗೆ ಲೇಟ್. ಓಡಿಸ್ದೆ, ಬೈದೆ, ಕೊನೆಗೆ ಇಂಟರ್‌ಕಾಲೇಜ್ ಟೀಮಿಂದಲೇ ತೆಗೆದುಬಿಟ್ಟೆ. ಒಂದಿನ ಮೀನು ತರೋಣ ಅಂತ ಬೆಳಿಗ್ಗೆ 5 ಗಂಟೆಗೆ ಮೀನು ಬೋಟ್ ಬರೋ ದಕ್ಕೆಗೆ ಹೋದ್ರೆ ಅವನು ಅಲ್ಲಿ ಮೀನಿನ ಬಾಕ್ಸ್ ಹೊರ್ತಿದ್ದ. ನನ್ನ ನೋಡಿದ್ದೇ ಐಸ್ ಲಾರಿ ಹಿಂದೆ ಹೋಗಿ ನಿಂತ್ಕೊಂಡ. ಮಾತಾಡ್ಸೋಕೆ ನನಗೂ ಮುಖ ಇರ್ಲಿಲ್ಲ, ಮೀನು ತಗೊಳ್ದೆ ವಾಪಸ್ ಬಂದೆ.

ಅವತ್ತಿಂದ ಪ್ರಾಕ್ಟೀಸ್ ಸಂಜೆ 4.30ಕ್ಕೆ. ಮೊದಲು ಎಲ್ರಿಗೂ ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ನೆನೆಸಿದ ಕಡಲೆ, ಹಸಿದವರು ಯಾರು ಅಂತ ಬೇರೆ ಮಾಡೋ ಹಂಗೇ ಇಲ್ಲ. ಆಮೇಲೆ ರೊಂಡೊ, ಸುತ್ತ 8 ಜನ ಪಾಸ್ ಮಾಡ್ತಾರೆ, ಒಳಗೆ 2 ಜನ ಬಾಲ್ ಕಿತ್ಕೊಳ್ಬೇಕು, ಲೇಟಾಗಿ ಬಂದವನು ಬಂದ ಹಾಗೇ ವಾರ್ಮಪ್ ಮಾಡಿ ಸುತ್ತ ನಿಂತವರ ಜೊತೆ ಸೇರ್ಕೋತಾನೆ, ಆಟ ನಿಲ್ಲಲ್ಲ. ಓಟಕ್ಕೆ ಬೇರೆ ಟೈಮ್ ಇಡಲ್ಲ. ಕ್ರಿಕೆಟ್‌ನವರು ಬಿಟ್ಟ ಜಾಗದಲ್ಲಿ 4 ಜನದ ಎರಡು ಟೀಮ್ ಮಾಡಿ 3 ನಿಮಿಷ ಆಟ, 2 ನಿಮಿಷ ರೆಸ್ಟ್, ಹೀಗೆ 6 ಸಲ ಆಡಿಸಿದ್ರೆ ದಮ್ಮು ತಾನಾಗೇ ಬರುತ್ತೆ. ಇದು ಸಡಿಲ ಕೋಚಿಂಗ್ ಅಂತ ಕೆಲವರು ಹೇಳ್ತಾರೆ. ನನ್ನ ಡಿಫೆಂಡರ್‌ಗಳನ್ನ ಕೇಳಿ ನೋಡಿ, ಸಾಲಾಗಿ ನಿಲ್ಲೋ ಡಿಫೆನ್ಸ್ ಲೈನ್ ಬಿಟ್ಟು ಒಬ್ಬ ಹಿಂದೆ ಉಳಿದ್ರೂ ಆಟ ನಿಲ್ಲಿಸಿ ಮತ್ತೆ ಮೊದಲಿಂದ ಮಾಡಿಸ್ತೀನಿ.

ಆ ಹುಡುಗನ ಮನೆಗೇ ಹೋಗಿ ತಪ್ಪಾಯ್ತು ಅಂದೆ, ವಾಪಸ್ ಬಂದ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯನ 3-2ರಲ್ಲಿ ಸೋಲಿಸಿ 54 ವರ್ಷ ಆದ್ಮೇಲೆ ರಾಜ್ಯ ತಂಡಗಳ ಫುಟ್ಬಾಲ್ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಾಗ ಇಡೀ ಟೀಮ್ ಒಂದೇ ಮೊಬೈಲ್ ಸುತ್ತ ಕೂತಿತ್ತು, ಅವನೂ ಇದ್ದ, ನನ್ನ ಪಕ್ಕದಲ್ಲೇ.

ಹುಡುಗ್ರು ಎದುರು ನಿಲ್ಲಿಸಿ ಕೇಳಿದ್ರೆ ಬಾಯಿ ಬಿಡಲ್ಲ. ಬಾಲಿಗೆ ಗಾಳಿ ಹೊಡೀತಾನೋ ನೆಟ್ ಸುತ್ತುತ್ತಾನೋ ಪಕ್ಕದಲ್ಲಿ ಕೂತು "ಮಧ್ಯಾಹ್ನ ಏನ್ ಊಟ ಮಾಡ್ದೆ" ಅಂದ್ರೆ ಸಾಕು, ಕೈ ಕೆಲಸ ಮಾಡ್ತಾ ಮಾತು ಬರುತ್ತೆ. ಈ ವರ್ಷ ಫಸ್ಟ್ ಇಯರ್ ಹುಡುಗ ಒಬ್ಬ ಮೂರು ವಾರದಿಂದ ಲೇಟು, ಮೊಟ್ಟೆ ತಿನ್ನದೆ ಜೇಬಿಗೆ ಹಾಕ್ಕೊಂಡು ಹೋಗ್ತಾನೆ. ಮನೇಲಿ ಯಾರಿಗೋ ಇರ್ಬೇಕು. ನಿನ್ನೆ ಪಂಪ್ ಅವನ ಕೈಗೆ ಕೊಟ್ಟಿದ್ದೀನಿ.