ರೈಲು, ಊರು, ಪಬ್ಬು: ಇಂಗ್ಲೆಂಡಿಗೆ ಹೊಸದಾಗಿ ಬಂದಿರೋ ಕನ್ನಡದೋರಿಗೆ

ಮನೆ ಸಿಕ್ತು, ಬ್ಯಾಂಕ್ ಅಕೌಂಟ್ ಆಯ್ತು, ಜಿಪಿ ರಿಜಿಸ್ಟ್ರೇಷನ್ ಆಯ್ತು, ಸೋನಾ ಮಸೂರಿ ಅಕ್ಕಿ ಎಲ್ಲಿ ಸಿಗುತ್ತೆ ಅಂತಾನೂ ಗೊತ್ತಾಯ್ತು, ಇನ್ನು ವೀಕೆಂಡ್ ಏನ್ ಮಾಡೋದು ಅಂತ ಕೇಳ್ತಿರೋರಿಗೆ ಇದು. ಹೊಸಬರು ಸಾಮಾನ್ಯವಾಗಿ ಲಂಡನ್ ಐ, ಸ್ಟೋನ್‌ಹೆಂಜ್ ಕೋಚ್ ಟೂರು, ಒಂದ್ಸಲ ಲೇಕ್ ಡಿಸ್ಟ್ರಿಕ್ಟ್, ಇಷ್ಟು ಮುಗಿಸಿ ಇಂಗ್ಲೆಂಡ್ ನೋಡಾಯ್ತು ಅಂತ ಫೋಟೋ ಹಾಕ್ಬಿಡ್ತಾರೆ. ನನ್ನ ಕೇಳಿದ್ರೆ ಈ ದೇಶ ಇರೋದು ಸಣ್ಣ ಸಣ್ಣ ಊರುಗಳಲ್ಲಿ, ಆ ಊರಿನ ಪರಿಚಯ ಆಗೋದು ಅಲ್ಲಿನ ಪಬ್ಬಲ್ಲಿ, ಪಬ್ಬಿಗೆ ಹೋಗೋಕೆ ರೈಲೇ ಸರಿ. ಕಾರಲ್ಲಿ ಹೋದ್ರೆ ಪಾರ್ಕಿಂಗ್ ಹುಡುಕೋದ್ರಲ್ಲೇ ಅರ್ಧ ದಿನ, ಮೇಲೆ ಡ್ರೈವ್ ಮಾಡೋರು ಸುಮ್ನೆ ನೀರು ಕುಡೀತಾ ಕೂತಿರ್ಬೇಕು. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ರೆ ಲೈಸೆನ್ಸ್ ಹೋಗೋದಷ್ಟೇ ಅಲ್ಲ, ಕ್ರಿಮಿನಲ್ ರೆಕಾರ್ಡ್ ಆಗಿ ಮುಂದೆ ವೀಸಾಗೂ ಪಿಆರ್‌ಗೂ ತಗಲಾಕ್ಕೊಳ್ಳುತ್ತೆ, ಅದನ್ನ ತಮಾಷೆ ಅಂದ್ಕೋಬೇಡಿ. ನಾನು ಕುಡಿಯಲ್ಲ ಅನ್ನೋರು ಇಲ್ಲಿಗೇ ಓದೋದು ನಿಲ್ಲಿಸ್ಬೇಡಿ, ನಿಮಗೂ ಮುಂದೆ ಇದೆ.

ಮೊದಲು ಟಿಕೆಟ್, ಯಾಕಂದ್ರೆ ಎಲ್ಲರೂ ಹೆದರೋದು ಅಲ್ಲೇ. ಇಲ್ಲಿ ರೈಲು ದುಬಾರಿ ಅನ್ನೋದು ನಿಜ, ಹೊರಡೋ ದಿನ ಬೆಳಗ್ಗೆ ಮೆಷಿನ್ ಮುಂದೆ ನಿಂತು ತಗೊಳ್ಳೋನಿಗೆ ಇನ್ನೂ ದುಬಾರಿ. ಮಾಡ್ಬೇಕಾದ ಮೊದಲನೇ ಕೆಲಸ ರೈಲ್‌ಕಾರ್ಡ್. ವರ್ಷಕ್ಕೆ 35 ಪೌಂಡ್, ಟಿಕೆಟ್ ಮೇಲೆ ಮೂರನೇ ಒಂದು ಭಾಗ ಕಡಿಮೆ, ಎರಡು ಮೂರು ಟ್ರಿಪ್ಪಲ್ಲೇ ದುಡ್ಡು ವಾಪಸ್ ಬಂದಿರುತ್ತೆ. ವಯಸ್ಸು 30 ಮುಗಿಯೋವರೆಗೂ 16–25 ಇಲ್ಲಾ 26–30 ಕಾರ್ಡ್ ಇದೆ, ಗಂಡ ಹೆಂಡ್ತಿ ಅಥವಾ ಇಬ್ಬರು ರೂಮ್‌ಮೇಟ್ಸ್ ಆದ್ರೆ ಟೂ ಟುಗೆದರ್, ಇದ್ರಲ್ಲಿ ಕಾರ್ಡಲ್ಲಿ ಹೆಸರಿರೋ ಇಬ್ಬರೂ ಜೊತೆಗೇ ಹೋಗ್ಬೇಕು ಮತ್ತೆ ವಾರದ ದಿನಗಳಲ್ಲಿ 9:30ರ ಮುಂಚೆ ನಡಿಯಲ್ಲ. ಮಕ್ಕಳಿದ್ರೆ ಫ್ಯಾಮಿಲಿ ಅಂಡ್ ಫ್ರೆಂಡ್ಸ್ ತಗೊಳ್ಳಿ, 5ರಿಂದ 15 ವರ್ಷದ ಮಕ್ಕಳ ಟಿಕೆಟ್‌ನಲ್ಲಿ ನೂರಕ್ಕೆ 60 ಕಡಿಮೆ ಆಗುತ್ತೆ. 5 ವರ್ಷದ ಒಳಗಿನ ಮಗುಗೆ ಹೇಗಿದ್ರೂ ಟಿಕೆಟ್ ಬೇಡ, ಹಾಗಾಗಿ ಚಿಕ್ಕ ಮಗು ಒಂದೇ ಇರೋರಿಗೆ ಟೂ ಟುಗೆದರ್ರೇ ಸಾಕು. ಮೂರರಿಂದ ಒಂಬತ್ತು ಜನ ಗುಂಪಾಗಿ ಹೋಗ್ತಿದ್ರೆ ಬಹಳಷ್ಟು ಕಂಪನಿಗಳಲ್ಲಿ ಗ್ರೂಪ್‌ಸೇವ್ ಅಂತ ಇದೆ, ಕಾರ್ಡೇ ಇಲ್ದೆ ಆಫ್-ಪೀಕ್ (ರಶ್ ಇಲ್ಲದ ಹೊತ್ತಿನ) ಟಿಕೆಟ್ಟಿಗೆ ಮೂರನೇ ಒಂದು ಭಾಗ ಡಿಸ್ಕೌಂಟ್, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಟಿಕೆಟ್ ಜಾತಿಗಳು ಮೂರು ಅಂತ ಇಟ್ಕೊಳ್ಳಿ. ಎನಿಟೈಮ್ ಅಂದ್ರೆ ಯಾವ ಹೊತ್ತಿನ ರೈಲಿಗಾದ್ರೂ ಹೋಗ್ಬಹುದು, ದುಬಾರಿ, ಆಫೀಸ್ ದುಡ್ಡಲ್ಲಿ ಹೋಗೋರಿಗೆ. ಅಡ್ವಾನ್ಸ್ ಅಂದ್ರೆ ಮುಂಚೆ ಬುಕ್ ಮಾಡಿದ ಅದೇ ರೈಲಿಗೇ ಹೋಗ್ಬೇಕು, ದೂರದ ಊರಿಗೆ ಇದು ಅಗ್ಗ. ನಾನು ಹೇಳ್ತಿರೋ ಒಂದು ಒಂದೂವರೆ ಗಂಟೆ ದಾರಿಯ ಊರುಗಳಿಗೆ ಆಫ್-ಪೀಕ್ ರಿಟರ್ನ್ ತಗೊಳ್ಳಿ, ಬಹಳ ಕಡೆ ಸಿಂಗಲ್‌ಗಿಂತ ಸ್ವಲ್ಪವೇ ಜಾಸ್ತಿ ಇರುತ್ತೆ, ವಾಪಸ್ ಬರೋ ರೈಲು ಇದೇ ಅಂತ ಇಲ್ಲ, ಊರು ಇಷ್ಟ ಆದ್ರೆ ಇನ್ನೊಂದು ಗಂಟೆ ಕೂತು ಮುಂದಿನದಕ್ಕೆ ಬಂದ್ರೆ ಆಯ್ತು. ಪಬ್ಬಲ್ಲಿ ಕೂತು ಗಡಿಯಾರ ನೋಡೋಹಾಗಾದ್ರೆ ಅಲ್ಲಿಗೆ ಹೋಗೋದ್ಯಾಕೆ? ಬುಕ್ಕಿಂಗ್ ಫೀ ತಗೊಳ್ಳೋ ಆ್ಯಪ್ ಬೇಡ, ಯಾವುದೇ ರೈಲು ಕಂಪನಿಯ ಸ್ವಂತ ಆ್ಯಪಲ್ಲಿ ದೇಶದ ಯಾವ ರೈಲಿಗಾದ್ರೂ ಫೀ ಇಲ್ದೆ ಸಿಗುತ್ತೆ. ಟಿಕೆಟ್ ಇಲ್ದೆ ಹತ್ತಿ ಒಳಗೆ ತಗೊಂಡ್ರಾಯ್ತು ಅನ್ನೋದು ಊರ ಬಸ್ಸಿಗೆ ಸರಿ, ಇಲ್ಲಿ ಪೆನಾಲ್ಟಿ ಫೇರ್ 100 ಪೌಂಡ್ ಪ್ಲಸ್ ಸಿಂಗಲ್ ಟಿಕೆಟ್ ದುಡ್ಡು (21 ದಿನದ ಒಳಗೆ ಕಟ್ಟಿದ್ರೆ ಆ 100ರ ಬದಲು 50). ಇನ್ನೊಂದು ಕಡೆಯಿಂದ, ರೈಲು ಲೇಟಾದ್ರೆ ನಿಮಗೇ ದುಡ್ಡು ಕೊಡ್ತಾರೆ, ಡಿಲೇ ರೀಪೇ ಅಂತ, ಬಹಳಷ್ಟು ಕಂಪನಿಯಲ್ಲಿ 15 ನಿಮಿಷ ಲೇಟಿಗೇ ಶುರು, 28 ದಿನದ ಒಳಗೆ ಕ್ಲೇಮ್ ಹಾಕಿ, ನಾಚ್ಕೋಬೇಡಿ.

ಭಾನುವಾರ ಹೊರಡೋ ಮುಂಚೆ ಇಂಜಿನಿಯರಿಂಗ್ ವರ್ಕ್ ಇದ್ಯಾ ಅಂತ ನೋಡಿ. ಇದ್ರೆ ರೈಲಿನ ಬದಲು ಬಸ್ಸು ಹಾಕಿರ್ತಾರೆ, ಒಂದು ಗಂಟೆ ದಾರಿ ಎರಡೂವರೆ ಆಗುತ್ತೆ, ಮೂಡೆಲ್ಲಾ ಹಾಳು. ಡಿಸೆಂಬರ್ 25ಕ್ಕೆ ರೈಲೇ ಇಲ್ಲ. ಇನ್ನೊಂದು, ಕೆಲವು ರೈಲು ದಾರಿ ಮಧ್ಯೆ ಎರಡಾಗಿ ಒಡೆದು ಮುಂದಿನ ಡಬ್ಬಿಗಳು ಒಂದೂರಿಗೆ ಹಿಂದಿನವು ಇನ್ನೊಂದೂರಿಗೆ ಹೋಗ್ತವೆ, ಅನೌನ್ಸ್‌ಮೆಂಟ್ ಕೇಳಿಸ್ಕೊಳ್ಳಿ, ಹೆಡ್‌ಫೋನ್ ಹಾಕ್ಕೊಂಡು ನಿದ್ದೆ ಮಾಡಿದ್ರೆ ಸಮುದ್ರ ನೋಡೋಕೆ ಹೊರಟೋರು ಬೇರೆಲ್ಲೋ ಇಳೀತೀರ. ಡಬ್ಬಿ ತಿಂಡಿ ತಗೊಂಡು ಹೋಗಿ, ಚಿತ್ರಾನ್ನ ಚಪಾತಿ ರೋಲ್ ಯಾರೂ ಏನೂ ಅನ್ನಲ್ಲ, ಆದ್ರೆ ಒಣಮೀನಿನ ಚಟ್ನಿ ತೆಗೆಯೋ ಮುಂಚೆ ಒಂದ್ಸಲ ಯೋಚ್ನೆ ಮಾಡಿ.

ಈಗ ಊರು. ಒಂದೇ ಒಂದು ಹೇಳು ಅಂದ್ರೆ ನಾನು ಲೂಯಿಸ್ (Lewes) ಅಂತೀನಿ. ಲಂಡನ್ ವಿಕ್ಟೋರಿಯಾ ಸ್ಟೇಷನ್ನಿಂದ ಒಂದು ಗಂಟೆ ಮೇಲೆ ಸ್ವಲ್ಪ, ಬ್ರೈಟನ್‌ಗೆ ಹೋಗೋರೆಲ್ಲ ಇದನ್ನ ಬಿಟ್ಟು ಹೋಗ್ತಾರೆ. ಸ್ಟೇಷನ್ನಿಂದ ಏರು ಹತ್ತಿದ್ರೆ ಹೈ ಸ್ಟ್ರೀಟು, ಅಲ್ಲೇ ನಾರ್ಮನ್ನರ ಕಾಲದ ಕೋಟೆ, ಇಳಿಜಾರಿನ ಸಣ್ಣ ಸಣ್ಣ ಸಂದಿಗಳು, ಎತ್ತ ನೋಡಿದ್ರೂ ತುದಿಯಲ್ಲಿ ಹಸಿರು ಗುಡ್ಡ ಕಾಣುತ್ತೆ. ಅಮೆರಿಕ ಸ್ವಾತಂತ್ರ್ಯದ ಬಗ್ಗೆ ಬರೆದ ಥಾಮಸ್ ಪೇನ್ 1768ರಿಂದ 1774ರವರೆಗೆ ಇಲ್ಲಿ ತೆರಿಗೆ ಅಧಿಕಾರಿ ಆಗಿದ್ದ, ವೈಟ್ ಹಾರ್ಟ್ ಅನ್ನೋ ಇನ್ (ತಂಗೋ ರೂಮೂ ಇರೋ ಪಬ್) ಒಳಗೆ ಕೂತು ವಾದ ಮಾಡ್ತಿದ್ನಂತೆ. ಕೆಳಗೆ ಹೊಳೆ ಪಕ್ಕ 1790ರಲ್ಲಿ ಶುರುವಾದ ಹಾರ್ವೀಸ್ ಬ್ರೂವರಿ ಇನ್ನೂ ಬಿಯರ್ ಮಾಡ್ತಿದೆ, ಮಾಲ್ಟ್ ಬೇಯಿಸೋ ದಿನ ಆ ಬೀದಿಯೆಲ್ಲ ಘಮಘಮ. ಅದರ ಎದುರಿನ ಪಬ್ಬಲ್ಲಿ ಅವರ ಬೆಸ್ಟ್ ಅನ್ನೋ ಬಿಯರ್ ಒಂದು ಹಾಫ್ (ಅರ್ಧ ಪೈಂಟ್) ತಗೊಂಡು ಕೂತ್ರೆ ಅಡುಗೆಮನೆ ಪಕ್ಕದಲ್ಲೇ ಊಟಕ್ಕೆ ಕೂತ ಹಾಗೆ. ನವೆಂಬರ್ 5ರ ಬಾನ್‌ಫೈರ್ ರಾತ್ರಿ ಮಾತ್ರ ಮಕ್ಕಳ ಜೊತೆ ಹೋಗ್ಬೇಡಿ, ಪಂಜು ಹಿಡಿದು ಸಾವಿರಾರು ಜನ ಬೀದಿ ತುಂಬಿರ್ತಾರೆ, ಇತ್ತೀಚಿನ ವರ್ಷಗಳಲ್ಲಿ ಅವತ್ತು ಸಂಜೆ ಮೇಲೆ ಆ ಸ್ಟೇಷನ್ನಲ್ಲಿ ರೈಲೇ ನಿಲ್ಲಿಸಲ್ಲ.

ಕೇಂಬ್ರಿಡ್ಜ್‌ಗೆ ಹೇಗಿದ್ರೂ ಹೋಗ್ತೀರ, ಹೋದಾಗ ದಿ ಈಗಲ್ ಪಬ್ಬಿಗೆ ಹೋಗಿ, 1953ರ ಫೆಬ್ರವರಿ 28ರಂದು ವಿಜ್ಞಾನಿ ಫ್ರಾನ್ಸಿಸ್ ಕ್ರಿಕ್ ಡಿಎನ್‌ಎ ರಚನೆ ಸಿಕ್ತು ಅಂತ ಹೇಳಿದ್ದು ಅಲ್ಲೇ. ಹಿಂದಿನ ಬಾರಲ್ಲಿ ತಲೆ ಎತ್ತಿ ನೋಡಿ, ಎರಡನೇ ಮಹಾಯುದ್ಧದ ಪೈಲಟ್‌ಗಳು ಸೀಲಿಂಗ್ ಮೇಲೆ ಹೆಸರು ಬರೆದಿರೋದು ಇನ್ನೂ ಇದೆ. ಯಾರ್ಕ್ ದೂರ, ಕಿಂಗ್ಸ್ ಕ್ರಾಸಿಂದ ಸುಮಾರು ಎರಡು ಗಂಟೆ, ಅಡ್ವಾನ್ಸ್ ಟಿಕೆಟ್ ಹಾಕಿ. ರೈಲ್ವೆ ಮ್ಯೂಸಿಯಂ ಫ್ರೀ, 1938ರಲ್ಲಿ ಗಂಟೆಗೆ 126 ಮೈಲಿ ಓಡಿದ ಮ್ಯಾಲರ್ಡ್ ಸ್ಟೀಮ್ ಇಂಜಿನ್ ಅಲ್ಲಿದೆ, ವಾಪಸ್ ರೈಲಿಗೆ ಕಾಯೋಕೆ ಸ್ಟೇಷನ್ನಲ್ಲೇ ಯಾರ್ಕ್ ಟ್ಯಾಪ್, ಹಳೇ ಟೀ ರೂಮನ್ನ ಪಬ್ ಮಾಡಿರೋದು. ಉತ್ತರದ ಕಡೆ ಇರೋರು ಲೀಡ್ಸಿಂದ ಸೆಟಲ್–ಕಾರ್ಲೈಲ್ ಲೈನಲ್ಲಿ ಹೋಗಿ, ಮುಚ್ಚಬೇಕು ಅಂತ ಹೊರಟಿದ್ರು, ಜನ ಹೋರಾಡಿ 1989ರಲ್ಲಿ ಉಳಿಸ್ಕೊಂಡ್ರು. ರಿಬಲ್‌ಹೆಡ್‌ನಲ್ಲಿ 24 ಕಮಾನಿನ ಸೇತುವೆ, ಅದರ ಹತ್ರಾನೇ ಒಂದು ಇನ್, ಸುತ್ತ ಬೇರೆ ಏನೂ ಇಲ್ಲ, ಗಾಳಿ ಮಾತ್ರ.

ರೈಲಿಗೂ ಬಿಯರಿಗೂ ಇಲ್ಲಿ ಹಳೇ ನಂಟು. ಲಂಡನ್ ಸೇಂಟ್ ಪ್ಯಾಂಕ್ರಸ್‌ನಲ್ಲಿ ಯೂರೋಸ್ಟಾರ್ ಹತ್ತೋಕೆ ಹೋಗೋ ಕೆಳಗಿನ ಅಂತಸ್ತು ಇದ್ಯಲ್ಲ, 1868ರಲ್ಲಿ ಸ್ಟೇಷನ್ ಕಟ್ಟುವಾಗ ಅದು ಬರ್ಟನ್ ಊರಿಂದ ಬರೋ ಬಿಯರ್ ಪೀಪಾಯಿ ಇಡೋ ಉಗ್ರಾಣ, ಕಂಬಗಳ ನಡುವಿನ ಅಂತರ ಕೂಡ ಪೀಪಾಯಿ ಲೆಕ್ಕದಲ್ಲೇ ಇಟ್ಟಿರೋದು. ಪಬ್ ಬೋರ್ಡುಗಳನ್ನ ಓದ್ತಾ ಹೋಗಿ, ಅದೇ ಒಂದು ಇತಿಹಾಸದ ಪಾಠ. ರಾಯಲ್ ಓಕ್ ಅಂದ್ರೆ 1651ರ ವೂಸ್ಟರ್ ಯುದ್ಧದಲ್ಲಿ ಸೋತ ಎರಡನೇ ಚಾರ್ಲ್ಸ್ ಅಡಗಿ ಕೂತ ಮರ. ಡ್ಯೂಕ್ ಆಫ್ ವೆಲ್ಲಿಂಗ್ಟನ್ ಅಂತ ಊರೂರಲ್ಲೂ ಪಬ್ ಇದೆ, ಮೀಸೆ ಇಲ್ಲದ ಉದ್ದ ಮೂಗಿನ ಆ ಮನುಷ್ಯನನ್ನ ನೋಡಿ ಸುಮ್ನೆ ಮುಂದೆ ಹೋಗ್ಬೇಡಿ, 1799ರಲ್ಲಿ ಟಿಪ್ಪು ಬಿದ್ದ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಕರ್ನಲ್ ಆಗಿದ್ದು, ಆಮೇಲೆ ಅಲ್ಲಿನ ಉಸ್ತುವಾರಿ ನೋಡ್ಕೊಂಡ ಆರ್ಥರ್ ವೆಲ್ಲೆಸ್ಲಿ ಅವನೇ. ಇವರಿಗೆ ಅವನು ವಾಟರ್‌ಲೂ ಯುದ್ಧ ಗೆದ್ದೋನು, ನಮಗೆ ಮಂಡ್ಯ ಕಡೆಯ ಹಳೇ ಲೆಕ್ಕ.

ಒಳಗೆ ಹೋದ್ಮೇಲೆ ಏನು ಮಾಡ್ಬೇಕು. ಟೇಬಲಲ್ಲಿ ಕೂತು ವೇಟರ್ ಬರ್ತಾನೆ ಅಂತ ಕಾಯ್ಬೇಡಿ, ಬಹಳ ಕಡೆ ಯಾರೂ ಬರಲ್ಲ. ಟೇಬಲ್ ಹಿಡೀರಿ, ನಂಬರ್ ನೋಡ್ಕೊಳ್ಳಿ, ಬಾರ್ ಹತ್ರ ಹೋಗಿ ಹೇಳಿ, ಅಲ್ಲೇ ದುಡ್ಡು ಕೊಡಿ. ಅಲ್ಲಿ ಸಾಲು ಇದ್ದಹಾಗೆ ಕಾಣಲ್ಲ ಆದ್ರೆ ಇದೆ, ಯಾರು ಮೊದ್ಲು ಬಂದ್ರು ಅಂತ ಎಲ್ಲರಿಗೂ ಗೊತ್ತಿರುತ್ತೆ, ಕೈ ಬೀಸೋದು ಚಿಟಿಕೆ ಹೊಡೆಯೋದು ಬೇಡವೇ ಬೇಡ. ಜೊತೆಗೆ ಬಂದೋರಲ್ಲಿ ಒಬ್ಬರು ಎಲ್ಲರಿಗೂ ಕೊಡಿಸಿದ್ರೆ ಅದು ರೌಂಡು, ಮುಂದಿನ ರೌಂಡ್ ನಿಮ್ಮದು, ಮೂರು ರೌಂಡ್ ಕುಡಿದು ಫೋನ್ ಬಂತು ಅಂತ ಹೊರಗೆ ಹೋಗೋನನ್ನ ಆಫೀಸಲ್ಲಿ ವರ್ಷಗಟ್ಟಲೆ ನೆನಪಿಟ್ಕೋತಾರೆ. ಬಾರಲ್ಲಿ ಟಿಪ್ಸ್ ಕೊಡೋ ಪದ್ಧತಿ ಇಲ್ಲ. 25ರ ಒಳಗಿನವರ ತರ ಕಂಡ್ರೆ ಐಡಿ ಕೇಳ್ತಾರೆ, ಈಗ ವೀಸಾ ಫೋನಲ್ಲಿರೋದ್ರಿಂದ ಕೈಲಿ ಕಾರ್ಡಿಲ್ಲ, ಪಾಸ್‌ಪೋರ್ಟ್ ಹಿಡ್ಕೊಂಡು ತಿರುಗೋದು ಅಪಾಯ, ಅದಕ್ಕೆ ಕಾರು ಓಡಿಸದಿದ್ರೂ 34 ಪೌಂಡ್ ಕೊಟ್ಟು ಆನ್‌ಲೈನಲ್ಲಿ ಪ್ರೊವಿಜನಲ್ ಲೈಸೆನ್ಸ್ ಮಾಡಿಸ್ಕೊಂಡುಬಿಡಿ.

ಏನು ಕುಡಿಯೋದು ಅಂದ್ರೆ, ಊರಲ್ಲಿ ಐಸ್ ತರ ತಣ್ಣಗಿರೋ ಸ್ಟ್ರಾಂಗ್ ಬಿಯರ್ ಅಭ್ಯಾಸ ಇರೋರಿಗೆ ಇಲ್ಲಿನ ಕಾಸ್ಕ್ ಏಲ್ ಮೊದಲ ಗುಟುಕಿಗೆ ಸಪ್ಪೆ ಅನ್ಸುತ್ತೆ. ಉದ್ದ ಹಿಡಿಕೆಯ ಪಂಪ್ ಎಳೆದು ಕೊಡ್ತಾರಲ್ಲ ಅದು, ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿಯಲ್ಲಿ ಇಟ್ಟಿರ್ತಾರೆ, ಹೆಚ್ಚಿನವುಗಳಲ್ಲಿ ಆಲ್ಕೋಹಾಲ್ 4 ಪರ್ಸೆಂಟ್ ಆಸುಪಾಸು. ಅದು ಕೆಟ್ಟಿಲ್ಲ, ಹಾಗೇ ಇರ್ಬೇಕಾದ್ದು. ಪೈಂಟ್ ಅಂದ್ರೆ 568 ಎಂಎಲ್, ಹಾಫ್ ಕೇಳೋದ್ರಲ್ಲಿ ಅವಮಾನ ಏನಿಲ್ಲ, ಸ್ವಲ್ಪ ರುಚಿ ನೋಡ್ಲಾ ಅಂದ್ರೆ ಚಿಕ್ಕ ಗ್ಲಾಸಲ್ಲಿ ಫ್ರೀಯಾಗೇ ಕೊಡ್ತಾರೆ. ಶುದ್ಧ ಸಸ್ಯಾಹಾರಿಗಳು ಗಮನಿಸಿ, ಕಾಸ್ಕ್ ಏಲನ್ನ ತಿಳಿಯಾಗಿಸೋಕೆ ಐಸಿನ್‌ಗ್ಲಾಸ್ ಹಾಕೋದು ಸಾಮಾನ್ಯ, ಅದು ಮೀನಿನ ಗಾಳಿಚೀಲದಿಂದ ಮಾಡಿದ್ದು, ಬೇಡ ಅಂದ್ರೆ ವೀಗನ್ ಬಿಯರ್ ಯಾವುದಿದೆ ಅಂತ ಕೇಳಿ. ಊಟದಲ್ಲೂ ಅಷ್ಟೇ: ಸಂಡೇ ರೋಸ್ಟ್ (ಭಾನುವಾರದ ಪಬ್ ಊಟ) ಮಾಂಸದ ಬದಲು ಬೀಜಗಳ ನಟ್ ರೋಸ್ಟ್ ಆಗಿದ್ರೂ ಮೇಲೆ ಸುರಿಯೋ ಗ್ರೇವಿ ಮಾಂಸದ್ದಾಗಿರ್ಬಹುದು, ಯಾರ್ಕ್‌ಶೈರ್ ಪುಡ್ಡಿಂಗಲ್ಲಿ ಮೊಟ್ಟೆ ಇದೆ, ಉತ್ತರದ ಕಡೆ ಚಿಪ್ಸನ್ನ ಬೀಫ್ ಕೊಬ್ಬಲ್ಲಿ ಕರಿಯೋ ಕಡೆಗಳಿವೆ. ಕೇಳಿದ್ರೆ ಸರಿಯಾಗಿ ಹೇಳ್ತಾರೆ. ಪಬ್ಬಲ್ಲಿ ಇಂಡಿಯನ್ ಕರಿ (curry) ಇದ್ರೆ ನನ್ನ ಸಲಹೆ, ಆ ಕಡೆ ನೋಡ್ಬೇಡಿ.

ಕುಡಿಯದೋರು ಲೈಮ್ ಅಂಡ್ ಸೋಡಾ ಕೇಳಿ, ಇಲ್ಲಾ ಜಿಂಜರ್ ಬಿಯರ್, ಆಲ್ಕೋಹಾಲ್ ಇಲ್ಲದ 0.0 ಬಿಯರ್ ಈಗ ಬಹುತೇಕ ಕಡೆ ಇದೆ, ಕಾಫಿ ಟೀನೂ ಸಿಗುತ್ತೆ. ಒಂದು ಗ್ಲಾಸ್ ಹಿಡ್ಕೊಂಡು ಎರಡು ಗಂಟೆ ಕೂತ್ರೂ ಎಬ್ಬಿಸಲ್ಲ. ಅಪ್ಪ ಅಮ್ಮ ಬಂದಾಗ ಪಬ್ ಅಂದ್ರೆ ಹೆದರ್ತಾರೆ, ಮಧ್ಯಾಹ್ನದ ಹೊತ್ತು ಗಾರ್ಡನ್ ಇರೋ ಪಬ್ಬಿಗೆ ಕರ್ಕೊಂಡು ಹೋಗಿ, ಅಲ್ಲಿ ಮಕ್ಕಳು, ನಾಯಿಗಳು, ಹೆಣೆಯೋ ಅಜ್ಜಿಯರು, ಎಲ್ಲಾ ಇರ್ತಾರೆ. ಮಕ್ಕಳನ್ನ ಬಹಳಷ್ಟು ಕಡೆ ಸಂಜೆವರೆಗೆ ಬಿಡ್ತಾರೆ, ಆಯಾ ಪಬ್ಬಿನ ರೂಲ್ ಕೇಳ್ಕೊಳ್ಳಿ.

ಹೀಗೆ ನಾವು ಸಲೀಸಾಗಿ ಬಾಗಿಲು ತಳ್ಕೊಂಡು ಒಳಗೆ ಹೋಗ್ತೀವಿ, ಮುಂಚಿನೋರಿಗೆ ಅಷ್ಟು ಸಲೀಸು ಇರ್ಲಿಲ್ಲ ಅನ್ನೋದು ಗೊತ್ತಿರ್ಲಿ. ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆತಿಕ್‌ನಲ್ಲಿ 1960ರ ದಶಕದಲ್ಲಿ ಬಿಳಿಯರಲ್ಲದೋರಿಗೆ ಪಬ್ಬಿನ ಕೆಲವು ರೂಮುಗಳಿಗೆ ಪ್ರವೇಶ ಇರ್ಲಿಲ್ಲ. ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ ಅದರ ವಿರುದ್ಧ ಹೋರಾಡ್ತು, ಅವರ ಆಹ್ವಾನದ ಮೇಲೆ 1965ರ ಫೆಬ್ರವರಿ 12ರಂದು ಅಮೆರಿಕದ ಕಪ್ಪು ಜನರ ಹಕ್ಕಿನ ಹೋರಾಟಗಾರ ಮಾಲ್ಕಮ್ ಎಕ್ಸ್ ಅಲ್ಲಿಗೆ ಬಂದಿದ್ದ, ಅದಾಗಿ 9 ದಿನಕ್ಕೆ ನ್ಯೂಯಾರ್ಕ್‌ನಲ್ಲಿ ಅವನ ಕೊಲೆ ಆಯ್ತು. ಅದೇ ವರ್ಷ ಬಣ್ಣ, ಜನಾಂಗ ನೋಡಿ ಭೇದ ಮಾಡೋದನ್ನ ತಡೆಯೋ ರೇಸ್ ರಿಲೇಷನ್ಸ್ ಕಾನೂನು ಬಂತು. ಇವತ್ತು ಅದೇ ಸ್ಮೆತಿಕ್, ವೆಸ್ಟ್ ಬ್ರಾಮಿಚ್ ಕಡೆ ಎಷ್ಟೋ ಪಬ್ಬುಗಳನ್ನ ಪಂಜಾಬಿಗಳೇ ನಡೆಸ್ತಾರೆ, ದೇಸಿ ಪಬ್ ಅಂತಾನೇ ಹೆಸರು, ಕಾದ ತಟ್ಟೆಯಲ್ಲಿ ಚುರ್ರ್ ಅನ್ನೋ ಮಿಕ್ಸ್ಡ್ ಗ್ರಿಲ್, ಪನ್ನೀರ್, ಪಕ್ಕದಲ್ಲಿ ಫುಟ್ಬಾಲ್ ನೋಡ್ತಿರೋ ಬಿಳಿ ತಾತಂದಿರು. ಪಬ್ಬಿನ ಕರಿ ಕಡೆ ನೋಡ್ಬೇಡಿ ಅಂದಿದ್ದು ಇಲ್ಲಿಗೆ ಅನ್ವಯಿಸಲ್ಲ. ಬರ್ಮಿಂಗ್‌ಹ್ಯಾಮ್ ನ್ಯೂ ಸ್ಟ್ರೀಟಿಂದ ಸ್ಮೆತಿಕ್ ಗಾಲ್ಟನ್ ಬ್ರಿಜ್ ಸ್ಟೇಷನ್ನಿಗೆ ಸುಮಾರು ಹತ್ತು ನಿಮಿಷ, ವೆಸ್ಟ್ ಬ್ರಾಮಿಚ್‌ಗೆ ಟ್ರಾಮ್ ಇದೆ.

ಕೊನೇದಾಗಿ ಟೈಮಿಂಗ್. ಊಟ ಬೇಕಂದ್ರೆ ಕಿಚನ್ ಯಾವಾಗ ಮುಚ್ಚುತ್ತೆ ಅಂತ ಮೊದಲೇ ಕೇಳಿ, ಸಣ್ಣ ಊರಲ್ಲಿ ಮಧ್ಯಾಹ್ನ ಎರಡೂವರೆಗೇ ಮುಚ್ಚಿ ಸಂಜೆ ಆರಕ್ಕೆ ತೆಗೆಯೋದುಂಟು, ಭಾನುವಾರ ರೋಸ್ಟ್ ಮುಗಿದ್ರೆ ಮುಗೀತು, ಆಮೇಲೆ ಪ್ಯಾಕೆಟ್ ಕ್ರಿಸ್ಪ್ಸೇ ಗತಿ. ರಾತ್ರಿ ಗಂಟೆ ಹೊಡೆದ್ರೆ ಲಾಸ್ಟ್ ಆರ್ಡರ್ಸ್. ಆದ್ರೆ ಲಂಡನ್ ಕಡೆಗಿನ ಲಾಸ್ಟ್ ಟ್ರೈನ್ ಅದಕ್ಕೂ ಮುಂಚೆ ಹೋಗಿರ್ಬಹುದು, ಭಾನುವಾರ ಇನ್ನೂ ಬೇಗ, ಹೋಗುವಾಗಲೇ ವಾಪಸ್ ಟೈಮು ನೋಡಿ ಫೋನಲ್ಲಿ ಅಲಾರಂ ಇಟ್ಕೊಳ್ಳಿ, ಅದಕ್ಕಿಂತ ಒಂದು ಮುಂಚಿನ ರೈಲಿಗೆ ಇಟ್ರೆ ಇನ್ನೂ ಒಳ್ಳೇದು, ಹೊರಡೋ ಮುಂಚೆ ಪಬ್ಬಲ್ಲೇ ಬಾತ್‌ರೂಮಿಗೆ ಹೋಗಿ ಬನ್ನಿ, ಯಾಕಂದ್ರೆ ದೊಡ್ಡ ಸ್ಟೇಷನ್ನುಗಳಲ್ಲಿ ಟಾಯ್ಲೆಟ್ ಫ್ರೀ ಇದ್ರೂ ಸಣ್ಣ ಸ್ಟೇಷನ್ನಲ್ಲಿ ಸಂಜೆ ಆದ್ರೆ ಬೀಗ ಹಾಕಿರ್ತಾರೆ.