ವಿಮಾನ ತಡವಾದರೆ 600 ಯೂರೋ: ಟಿಕೆಟ್ ಕೊಳ್ಳುವಾಗಲೇ ನೋಡಿಕೊಳ್ಳಬೇಕಾದದ್ದು

ಬೆಂಗಳೂರಿನಿಂದ ಯುರೋಪಿಗೆ ಟಿಕೆಟ್ ತೆಗೆಯುವಾಗ ದರಕ್ಕೂ ಮೊದಲು ನಾನು ಹುಡುಕುವುದು ‘ಆಪರೇಟೆಡ್ ಬೈ’ ಎಂಬ ಸಣ್ಣಕ್ಷರದ ಸಾಲು. ಒಂದು ಕಂಪನಿ ಮಾರಿ ಇನ್ನೊಂದು ಹಾರಿಸುವ ‘ಕೋಡ್‌ಶೇರ್’ ಟಿಕೆಟ್ ಆದರೆ, ಮಾರಿದವರು ಯಾರೇ ಇರಲಿ, ವಿಮಾನ ತಡವಾದರೆ ಪರಿಹಾರ ಕೇಳಬೇಕಾದದ್ದು ಅದನ್ನು ಹಾರಿಸುವವರನ್ನು.

ಐರೋಪ್ಯ ಒಕ್ಕೂಟದ 261/2004 ನಿಯಮದ ಪ್ರಕಾರ, ಫ್ರಾಂಕ್‌ಫರ್ಟ್‌ನಿಂದ ಹೊರಟರೆ ಕಂಪನಿ ಯಾವ ದೇಶದ್ದಾದರೂ ಪರಿಹಾರದ ಹಕ್ಕು ಉಂಟು. ಒಂದೇ ಬುಕಿಂಗ್‌ನಲ್ಲಿ ದುಬೈ ಮಾರ್ಗವಾಗಿ ಬೆಂಗಳೂರಿಗೆ ಬಂದರೂ ಅಷ್ಟೇ. ಬೆಂಗಳೂರಿನಿಂದ ಹೋಗುವಾಗ ಮಾತ್ರ ಹಾರಿಸುವುದು ಐರೋಪ್ಯ ಒಕ್ಕೂಟದ ಕಂಪನಿಯೇ ಆಗಿರಬೇಕು. ಹೋಗಿಬರುವ ಟಿಕೆಟ್ ಒಂದೇ ಆದರೂ ಎರಡು ದಿಕ್ಕಿಗೂ ಲೆಕ್ಕ ಬೇರೆ. ಅಮೆರಿಕಕ್ಕೆ ಹೋಗುವ ನಮ್ಮವರು ಎಡವುವುದು ಇಲ್ಲೇ. ಬೆಂಗಳೂರು–ಫ್ರಾಂಕ್‌ಫರ್ಟ್–ಸ್ಯಾನ್ ಫ್ರಾನ್ಸಿಸ್ಕೊ ಒಂದೇ ಬುಕಿಂಗ್ ಆಗಿದ್ದರೆ ಶುರುವೂ ಕೊನೆಯೂ ಒಕ್ಕೂಟದ ಹೊರಗೇ. ಅಂಥ ಪ್ರಯಾಣಕ್ಕೆ ಈ ನಿಯಮ ಸಲ್ಲದು ಎಂದು ಐರೋಪ್ಯ ನ್ಯಾಯಾಲಯ 2022ರಲ್ಲಿ ಹೇಳಿದೆ. ಹಾಗಂತ ಟಿಕೆಟ್ ಒಡೆದು ಕೊಳ್ಳಬೇಡಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹೊಸ ಟಿಕೆಟ್ ನಿಮ್ಮ ಜೇಬಿನಿಂದಲೇ.

3,500 ಕಿ.ಮೀ. ಮೀರಿದ ದಾರಿಯಲ್ಲಿ ಕೊನೆಯ ಊರಿಗೆ 4 ಗಂಟೆ ತಡವಾಗಿ ತಲುಪಿದರೆ 600 ಯೂರೋ. ತಡ 3ರಿಂದ 4 ಗಂಟೆಯೊಳಗಿದ್ದರೆ ಅರ್ಧ ಕಡಿತ ಮಾಡಲು ಕಂಪನಿಗೆ ಅವಕಾಶವಿದೆ. ತಲುಪಿದ ಹೊತ್ತು ಎಂದರೆ ಚಕ್ರ ನೆಲ ಮುಟ್ಟಿದ ಹೊತ್ತಲ್ಲ, ಬಾಗಿಲು ತೆರೆದು ಇಳಿಯಲು ಬಿಟ್ಟ ಹೊತ್ತು. ರನ್‌ವೇಯಿಂದ ಗೇಟಿಗೆ ಬರುವ ಹತ್ತಿಪ್ಪತ್ತು ನಿಮಿಷದಲ್ಲೇ 2 ಗಂಟೆ 50 ನಿಮಿಷದ ತಡ 3 ಗಂಟೆ ದಾಟಿಬಿಡಬಹುದು. ಬಾಗಿಲು ತೆರೆದ ಕೂಡಲೇ ಮೊಬೈಲ್‌ನಲ್ಲಿ ಸಮಯ ಕಾಣುವಂತೆ ಒಂದು ಸ್ಕ್ರೀನ್‌ಶಾಟ್ ತೆಗೆದಿಡುತ್ತೇನೆ. ಬೋರ್ಡಿಂಗ್ ಪಾಸ್ ಎಸೆಯುವುದಿಲ್ಲ.

‘ತಾಂತ್ರಿಕ ದೋಷ, ನಮ್ಮ ಕೈಯಲ್ಲಿರಲಿಲ್ಲ’ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. ಮಾಮೂಲಿ ತಾಂತ್ರಿಕ ದೋಷ, ಕಂಪನಿಯದೇ ಸಿಬ್ಬಂದಿಯ ಮುಷ್ಕರ, ಇವೆರಡೂ ಪರಿಹಾರ ತಪ್ಪಿಸಿಕೊಳ್ಳಲು ಕಾರಣವಾಗವು ಎಂದು ಅದೇ ನ್ಯಾಯಾಲಯ ತೀರ್ಪು ಕೊಟ್ಟಿದೆ. ದಟ್ಟ ಮಂಜು, ವಾಯುಸಂಚಾರ ನಿಯಂತ್ರಣದ ನಿರ್ಬಂಧ ಇದ್ದರೆ ಹಣ ಸಿಗದು. ಆದರೆ ಊಟ, ರಾತ್ರಿಯಾದರೆ ಹೋಟೆಲ್ ಕೊಡಲೇಬೇಕು. ಕೊಡದಿದ್ದರೆ ಮಿತವಾಗಿ ನೀವೇ ಖರ್ಚು ಮಾಡಿ, ರಸೀದಿ ಇಟ್ಟುಕೊಳ್ಳಿ. ಷೆಂಗೆನ್ ವೀಸಾ ಇಲ್ಲದವರಿಗೆ ಹೋಟೆಲ್ ವೋಚರ್ ಕೊಟ್ಟರೂ ಹೊರಗೆ ಹೋಗಲು ಬಿಡುವುದು ಅನುಮಾನ. ಬೇರೆ ದೇಶದ ಮಾರ್ಗವಾಗಿ ಕಳಿಸುತ್ತೇವೆ ಎಂದರೆ ಒಪ್ಪುವ ಮೊದಲು ಅಲ್ಲಿ ಟ್ರಾನ್ಸಿಟ್ ವೀಸಾ ಬೇಕೇ ಎಂದು ಕೌಂಟರಿನಲ್ಲೇ ಕೇಳಿ.

ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮದಲ್ಲಿ ತಡಕ್ಕೆ ನಗದು ಪರಿಹಾರವೇ ಇಲ್ಲ. 6 ಗಂಟೆ ಮೀರಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್. ರಾತ್ರಿ 8ರಿಂದ 3ರೊಳಗೆ ಹೊರಡಬೇಕಿದ್ದ ವಿಮಾನ 6 ಗಂಟೆ ಮೀರಿ ತಡವಾದರೆ ಹೋಟೆಲ್ ಕೂಡ. ನಷ್ಟ ತೋರಿಸಬಲ್ಲವರಿಗೆ ಅಂತರರಾಷ್ಟ್ರೀಯ ವಿಮಾನಯಾನದ ಮಾಂಟ್ರಿಯಲ್ ಒಪ್ಪಂದ ಉಂಟು, ಆದರೆ ಅಲ್ಲಿ ಬಿಲ್ ಮಾತಾಡಬೇಕು, ಬೇಸರವಲ್ಲ. ಅದರಡಿ ದಾವೆಗೆ 2 ವರ್ಷ ಗಡುವು. ಬ್ಯಾಗ್ ತಡವಾಗಿ ಬಂದರೆ, ಅದು ಕೈಸೇರಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು.

ಕ್ಲೇಮ್ ಬರೆಯುವಾಗ ಕಷ್ಟದ ಕಥೆ ಬೇಡ. ಪಿಎನ್‌ಆರ್, ವಿಮಾನ ಸಂಖ್ಯೆ, ದಿನಾಂಕ, ತಲುಪಬೇಕಿದ್ದ ಹೊತ್ತು, ಬಾಗಿಲು ತೆರೆದ ಹೊತ್ತು, ಐರೋಪ್ಯ ನಿಯಮದ 7ನೇ ವಿಧಿ, ಬ್ಯಾಂಕ್ ವಿವರ, ಇಷ್ಟು ಸಾಕು. ಹಣದ ಬದಲು ವೋಚರ್ ಕೊಡುತ್ತೇವೆ ಎಂದರೆ ನಿಮ್ಮ ಸಹಿ ಇಲ್ಲದೆ ಅದು ನಡೆಯದು.